ಸಿಕಲ್ ಸೆಲ್‌ಗೆ ಜೀನ್ ಎಡಿಟಿಂಗ್: ‘ಬಿರ್ಸಾ 101’ ಸುದ್ದಿಯಲ್ಲಿ ನಿಜವಾಗಿ ಏನಿದೆ?

2025ರ ನವೆಂಬರ್ 19ರಂದು ದೆಹಲಿಯಿಂದ ಒಂದು ದೊಡ್ಡ ಸುದ್ದಿ ಬಂತು. ಸಿಕಲ್ ಸೆಲ್ ಅನ್ನುವ ಆನುವಂಶಿಕ ರಕ್ತದ ಕಾಯಿಲೆಗೆ ಭಾರತದ್ದೇ ಆದ ಮೊದಲ ಕ್ರಿಸ್ಪರ್ ಚಿಕಿತ್ಸೆ, ಅಂದರೆ ಜೀನ್ ಕತ್ತರಿಸಿ ತಿದ್ದುವ ಚಿಕಿತ್ಸೆ, ರೂಪುಗೊಂಡಿದೆ, ಅದರ ಹೆಸರು ‘ಬಿರ್ಸಾ 101’ ಎಂದು ಕೇಂದ್ರ ವಿಜ್ಞಾನ ಸಚಿವ ಜಿತೇಂದ್ರ ಸಿಂಗ್ ಪ್ರಕಟಿಸಿದರು. ನಾಲ್ಕೇ ದಿನದ ಹಿಂದೆ ಬುಡಕಟ್ಟು ನಾಯಕ ಬಿರ್ಸಾ ಮುಂಡಾ ಅವರ 150ನೇ ಜಯಂತಿ ನಡೆದಿತ್ತು. ಚಿಕಿತ್ಸೆಯನ್ನು ರೂಪಿಸಿದ್ದು ದೆಹಲಿಯ ಸರ್ಕಾರಿ ಜೀನ್ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್-ಐಜಿಐಬಿ. ಅದನ್ನು ತಯಾರಿಸುವ ತಂತ್ರಜ್ಞಾನವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ಗೆ ಕೊಡಲಾಯಿತು.

ಸುದ್ದಿ ಓದಿದವರಿಗೆ ಸಂತೋಷದ ಜೊತೆಗೆ ಗೊಂದಲವೂ ಆಯಿತು. ಔಷಧಿ ಬಂದೇಬಿಟ್ಟಿತಾ? ಎಲ್ಲಿ ಸಿಗುತ್ತದೆ? ಸರ್ಕಾರ 2047ರೊಳಗೆ ಸಿಕಲ್ ಸೆಲ್ ನಿರ್ಮೂಲನೆ ಮಾಡುತ್ತೇವೆ ಅನ್ನುತ್ತಿದೆಯಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ? ಅಮೆರಿಕದಲ್ಲಿ ಇಂಥದ್ದೇ ಚಿಕಿತ್ಸೆ ಎರಡು ವರ್ಷ ಮೊದಲೇ ಬಂದಿದ್ದರೂ ಅದನ್ನು ತಯಾರಿಸಿದ ಒಂದು ಕಂಪನಿ ಅಗ್ಗಕ್ಕೆ ಮಾರಾಟವಾಯಿತಲ್ಲ, ಅದು ಯಾಕೆ?

ಮೊದಲೇ ಹೇಳಿಬಿಡುತ್ತೇನೆ. ಇದರ ಹಿಂದಿನ ವಿಜ್ಞಾನ ನಿಜ, ಗಟ್ಟಿಯಾದದ್ದು. ಆದರೆ ನವೆಂಬರ್‌ನಲ್ಲಿ ಪ್ರಕಟವಾದದ್ದು ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಸಿಗುವ ಔಷಧಿ ಅಲ್ಲ. ಮುಂದೆ ಅದು ಬಂದಾಗಲೂ ಜೀನ್ ಕತ್ತರಿಸುವುದು ಅಷ್ಟು ಕಷ್ಟದ ಕೆಲಸವಾಗಿ ಉಳಿದಿರುವುದಿಲ್ಲ. ಕತ್ತರಿಸುವ ಮೊದಲು ಮತ್ತು ಕತ್ತರಿಸಿದ ಮೇಲೆ ರೋಗಿಗೆ ಏನಾಗುತ್ತದೆ, ಆ ಆರೇಳು ತಿಂಗಳು ಅವರು ಎಲ್ಲಿರುತ್ತಾರೆ, ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ಕಷ್ಟದ ಭಾಗ.

ಒಂದು ಅಕ್ಷರ ತಪ್ಪಿದರೆ

ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಇರುತ್ತದೆ, ಆಮ್ಲಜನಕ ಹೊರುವುದು ಅದೇ. ಹಿಮೋಗ್ಲೋಬಿನ್‌ನ ಒಂದು ಭಾಗವನ್ನು ತಯಾರಿಸುವ ಸೂಚನೆ 11ನೇ ಕ್ರೋಮೋಸೋಮ್‌ನಲ್ಲಿದೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ ಅಂದುಕೊಳ್ಳಿ. ಅದರಲ್ಲಿ ‘ಎ’ ಇರಬೇಕಾದ ಒಂದು ಜಾಗದಲ್ಲಿ ‘ಟಿ’ ಬಂದರೆ ಸಾಕು, ಹಿಮೋಗ್ಲೋಬಿನ್‌ನ ಸ್ವಭಾವವೇ ಬದಲಾಗುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಬದಲಾದ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತದೆ. ಆ ಎಳೆಗಳು ಒಳಗಿನಿಂದ ತಳ್ಳಿದಾಗ, ದುಂಡಗಿದ್ದ ಮೆತ್ತನೆಯ ಕಣ ಗಟ್ಟಿಯಾಗಿ ಕುಡುಗೋಲಿನ ಹಾಗೆ ಬಾಗುತ್ತದೆ. ಕಾಯಿಲೆಗೆ ಆ ಹೆಸರು ಬಂದದ್ದು ಇದರಿಂದಲೇ. 1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಈ ಆಕಾರದ ಕಣಗಳನ್ನು ಮೊದಲು ವಿವರಿಸಿ ಬರೆದರು.

ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿಂದ ಮುಂದಕ್ಕೆ ರಕ್ತ ಹೋಗುವುದಿಲ್ಲ. ಮೂಳೆಯಲ್ಲಿ ಸಿಕ್ಕಿಕೊಂಡರೆ ತಡೆಯಲಾಗದ ನೋವು, ಮಿದುಳಲ್ಲಾದರೆ ಪಾರ್ಶ್ವವಾಯು, ಶ್ವಾಸಕೋಶದಲ್ಲಾದರೆ ಜೀವಕ್ಕೇ ಅಪಾಯ. ಸೋಂಕಿನಿಂದ ಕಾಯುವ ಗುಲ್ಮ ಅಂದರೆ ಸ್ಪ್ಲೀನ್ ಚಿಕ್ಕ ವಯಸ್ಸಿನಲ್ಲೇ ಹಾಳಾಗುತ್ತದೆ, ಹಾಗಾಗಿ ಮಾಮೂಲಿ ಜ್ವರವೂ ಮಗುವಿಗೆ ಮಾರಕವಾಗಬಹುದು. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕಿದರೆ ಇದು 10ರಿಂದ 20 ದಿನದಲ್ಲೇ ಒಡೆದು ಹೋಗುತ್ತದೆ. ಇದರಿಂದ ರಕ್ತಹೀನತೆ ಬಿಡುವುದೇ ಇಲ್ಲ.

ಅಪ್ಪ ಅಮ್ಮ ಇಬ್ಬರಿಂದಲೂ ಈ ಬದಲಾದ ಜೀನ್ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ತಾವು ವಾಹಕರು ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಕಾಡಂಚಿನ ಹಾಡಿಗಳಿಗೇ ಯಾಕೆ?

ಇಷ್ಟು ಕೆಟ್ಟ ಜೀನ್ ಇಷ್ಟು ಸಾವಿರ ವರ್ಷ ಯಾಕೆ ಅಳಿಯದೆ ಉಳಿಯಿತು? ಉತ್ತರ ಮಲೇರಿಯಾದಲ್ಲಿದೆ. ವಿಜ್ಞಾನಿ ಆಂಥನಿ ಅಲಿಸನ್ ಪೂರ್ವ ಆಫ್ರಿಕಾದಲ್ಲಿ ಮಾಡಿದ ಕೆಲಸವನ್ನು 1954ರಲ್ಲಿ ಪ್ರಕಟಿಸಿದರು. ಈ ಜೀನ್‌ನ ಒಂದೇ ಪ್ರತಿ ಇರುವ ವಾಹಕ ಮಕ್ಕಳಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಅನ್ನುವುದು ಅದರಲ್ಲಿ ಗೊತ್ತಾಯಿತು. ಹಾಗಾಗಿ ಮಲೇರಿಯಾ ಜಾಸ್ತಿ ಇದ್ದ ಜಾಗಗಳಲ್ಲಿ ಈ ಜೀನ್ ಹೊತ್ತವರು ಬದುಕಿ ಉಳಿದರು, ಅವರ ಮಕ್ಕಳಿಗೆ ಅದು ದಾಟಿತು. ಆಫ್ರಿಕಾ, ಅರಬ್ ನಾಡುಗಳು, ಭಾರತದ ಕಾಡು ಪ್ರದೇಶಗಳು ಎಲ್ಲವೂ ಈ ಪಟ್ಟಿಯಲ್ಲಿ ಬರುವುದು ಇದೇ ಕಾರಣಕ್ಕೆ.

ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡೇ ಇರುವ ನೀಲಗಿರಿಯಲ್ಲಿ. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಜೇನು ಕುರುಬ, ಬೆಟ್ಟ ಕುರುಬ, ಸೋಲಿಗ ಸಮುದಾಯಗಳಲ್ಲಿ ಇದು ಕಾಣುತ್ತದೆ. ಹಾಗಂತ ಇದನ್ನು ಬುಡಕಟ್ಟಿನವರ ಕಾಯಿಲೆ ಅಂತ ಕರೆಯುವುದು ತಪ್ಪು. ಮಧ್ಯ ಭಾರತದಲ್ಲಿ ಬುಡಕಟ್ಟಿಗೆ ಸೇರದ ಸಮುದಾಯಗಳಲ್ಲೂ ಇದೆ. ಇದು ಮಲೇರಿಯಾ ಇದ್ದ ಜಾಗದ ಗುರುತು, ಯಾವುದೋ ಒಂದು ಜನರ ದೋಷ ಅಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ ಶುರುವಾಯಿತು. 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವ ಗುರಿ ಅದರದ್ದು, ಕರ್ನಾಟಕವೂ ಅದರಲ್ಲಿದೆ. 2025ರ ಮಧ್ಯದ ಹೊತ್ತಿಗೆ 6 ಕೋಟಿಗೂ ಜಾಸ್ತಿ ಜನರ ಪರೀಕ್ಷೆ ಮುಗಿದಿತ್ತು. ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ಜನರಿಗೆ ಕಾಯಿಲೆ, 16 ಲಕ್ಷಕ್ಕೂ ಹೆಚ್ಚು ಜನ ವಾಹಕರು ಎಂದು ಗೊತ್ತಾಯಿತು. ಈ 2 ಲಕ್ಷವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಎಳೆ ಮಕ್ಕಳ ರಕ್ತ ಹೇಳಿಕೊಟ್ಟ ಉಪಾಯ

ಈ ಕಾಯಿಲೆ ಇರುವ ಮಗು ಹುಟ್ಟಿದ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ನೋವು, ಜ್ವರ ಎಲ್ಲ ಶುರುವಾಗುವುದು ಸುಮಾರು ಆರು ತಿಂಗಳ ನಂತರ. ಕಾರಣ ಏನೆಂದರೆ, ಬಸಿರಿನಲ್ಲಿರುವಾಗ ಮಗುವಿನ ರಕ್ತದಲ್ಲಿ ಬೇರೆಯೇ ಥರದ ಹಿಮೋಗ್ಲೋಬಿನ್ ಇರುತ್ತದೆ. ಅದನ್ನು ಭ್ರೂಣದ ಹಿಮೋಗ್ಲೋಬಿನ್ ಅನ್ನಬಹುದು. ಅದು ಎಳೆಗಳಾಗಿ ಅಂಟಿಕೊಳ್ಳುವುದಿಲ್ಲ, ಪಕ್ಕದವರನ್ನೂ ಅಂಟಿಕೊಳ್ಳಲು ಬಿಡುವುದಿಲ್ಲ. ಹುಟ್ಟಿದ ಮೇಲೆ ದೇಹ ನಿಧಾನಕ್ಕೆ ಅದನ್ನು ನಿಲ್ಲಿಸಿ ದೊಡ್ಡವರ ಹಿಮೋಗ್ಲೋಬಿನ್ ತಯಾರಿಸಲು ಶುರುಮಾಡುತ್ತದೆ. ಕಾಯಿಲೆ ಹೊರಗೆ ಬರುವುದು ಆವಾಗ.

ಹಾಗಾದರೆ ಹಳೆಯದನ್ನು ನಿಲ್ಲಿಸದೇ ಇದ್ದರೆ? ಅಥವಾ ನಿಂತದ್ದನ್ನು ಮತ್ತೆ ಶುರು ಮಾಡಿದರೆ? ಈ ಪ್ರಶ್ನೆ ದಶಕಗಳಷ್ಟು ಹಳೆಯದು. 2008ರಲ್ಲಿ ಬಾಸ್ಟನ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಅವರ ತಂಡ ಒಂದು ಸ್ವಿಚ್ ಕಂಡುಹಿಡಿದರು. ಬಿಸಿಎಲ್11ಎ ಅನ್ನುವ ಜೀನ್ ಭ್ರೂಣದ ಹಿಮೋಗ್ಲೋಬಿನ್‌ಗೆ ಬೀಗ ಹಾಕುತ್ತದೆ. ರಕ್ತದ ಕಣಗಳಲ್ಲಿ ಈ ಬೀಗವನ್ನು ಕೆಡಿಸಿದರೆ ಹಳೆಯ ಹಿಮೋಗ್ಲೋಬಿನ್ ಮತ್ತೆ ಬರುತ್ತದೆ.

ಕೆಡಿಸುವುದಕ್ಕೆ ಬೇಕಾದ ಕತ್ತರಿ ಕ್ರಿಸ್ಪರ್. ಬ್ಯಾಕ್ಟೀರಿಯಾಗಳು ವೈರಸ್‌ಗಳಿಂದ ತಪ್ಪಿಸಿಕೊಳ್ಳಲು ಬಳಸುವ ವ್ಯವಸ್ಥೆ ಇದು. ಯಾವ ಜಾಗದಲ್ಲಿ ಕತ್ತರಿಸಬೇಕು ಎಂದು ಹೇಳುವ ಒಂದು ಆರ್‌ಎನ್‌ಎ ತುಣುಕು, ಕತ್ತರಿಸುವ ಕ್ಯಾಸ್9 ಅನ್ನುವ ಪ್ರೋಟೀನ್, ಎರಡೇ ಸಾಮಾನು. ಇದನ್ನು ಬಳಸುವ ದಾರಿ ತೋರಿಸಿದ ಇಮ್ಯಾನುಯೆಲ್ ಶಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು.

2019ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಿಕಲ್ ಸೆಲ್ ರೋಗಿ ವಿಕ್ಟೋರಿಯಾ ಗ್ರೇ, ಆ ಬೀಗವನ್ನು ಕ್ರಿಸ್ಪರ್‌ನಿಂದ ಕೆಡಿಸುವ ಚಿಕಿತ್ಸೆ ಪಡೆದರು. ಅದೇ ಚಿಕಿತ್ಸೆ ‘ಕ್ಯಾಸ್ಗೆವಿ’ ಹೆಸರಿನಲ್ಲಿ 2023ರ ನವೆಂಬರ್‌ನಲ್ಲಿ ಬ್ರಿಟನ್‌ನಲ್ಲೂ ಡಿಸೆಂಬರ್‌ನಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಪಡೆಯಿತು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಗಮನಿಸಲು ಸಾಧ್ಯವಾದ 31 ಜನರಲ್ಲಿ 29 ಜನರಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿ ಬರಲೇ ಇಲ್ಲ. ವರ್ಷಕ್ಕೆ ಹಲವು ಸಲ ಆಸ್ಪತ್ರೆ ಸೇರುತ್ತಿದ್ದವರು ಅವರು. ಇದು ಸಣ್ಣ ಮಾತಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಕ್ಯಾಸ್ಗೆವಿ ಆ ತಪ್ಪಿದ ಅಕ್ಷರವನ್ನು ಮುಟ್ಟುವುದೇ ಇಲ್ಲ. ಅದು ಅಲ್ಲೇ ಇರುತ್ತದೆ. ಬೇರೆ ಹಿಮೋಗ್ಲೋಬಿನ್ ತಂದು ಅದರ ಕೆಲಸವನ್ನು ಅಡ್ಡಗಟ್ಟುತ್ತದೆ, ಅಷ್ಟೇ. ತಪ್ಪಿದ ಅಕ್ಷರವನ್ನೇ ತಿದ್ದುವುದು ಇನ್ನೊಂದು ದಾರಿ, ಅದು ಇನ್ನೂ ನಾಜೂಕಿನ ಕೆಲಸ.

ಕತ್ತರಿಗಿಂತ ಕಷ್ಟದ ಕೆಲಸ

ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವ ಚಿಕಿತ್ಸೆ ಇದಲ್ಲ. ಜೀನ್ ಎಡಿಟಿಂಗ್ ಬಗ್ಗೆ ಬರುವ ಸುದ್ದಿಗಳಲ್ಲಿ ಅತಿ ಕಡಿಮೆ ಜಾಗ ಸಿಗುವುದು ಈ ಭಾಗಕ್ಕೆ, ಆದರೆ ರೋಗಿಯ ಪಾಲಿಗೆ ಚಿಕಿತ್ಸೆ ಅಂದರೆ ಇದೇ.

ರಕ್ತ ತಯಾರಾಗುವುದು ಮೂಳೆಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳಿಂದ. ಅವನ್ನು ತಿದ್ದಿದರೆ ಮಾತ್ರ ಜೀವನಪೂರ್ತಿ ಒಳ್ಳೆಯ ರಕ್ತ ಬರುತ್ತದೆ. ಹಾಗಾಗಿ ಮೊದಲು ಅವನ್ನು ದೇಹದಿಂದ ಹೊರಗೆ ತೆಗೆಯಬೇಕು. ಔಷಧಿ ಕೊಟ್ಟು ಸ್ಟೆಮ್ ಸೆಲ್‌ಗಳು ಮಜ್ಜೆಯಿಂದ ರಕ್ತಕ್ಕೆ ಬರುವಂತೆ ಮಾಡಿ, ಯಂತ್ರದಲ್ಲಿ ರಕ್ತ ಹರಿಸಿ ಅವನ್ನು ಬೇರ್ಪಡಿಸುತ್ತಾರೆ. ಬೇರೆಯವರಿಗೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿ ಸಿಕಲ್ ಸೆಲ್ ಇರುವವರಿಗೆ ಅಪಾಯಕಾರಿ, ಹಾಗಾಗಿ ಬೇರೆ ಔಷಧಿ ಬೇಕು. ಒಂದೇ ಸಲಕ್ಕೆ ಸಾಕಷ್ಟು ಕೋಶ ಸಿಗುವುದಿಲ್ಲ, ಕೆಲವರಿಗೆ ಎರಡು ಮೂರು ಸಲ ಬಂದು ಕೂರಬೇಕಾಗುತ್ತದೆ.

ತೆಗೆದ ಕೋಶಗಳು ಕಾರ್ಖಾನೆಗೆ ಹೋಗುತ್ತವೆ. ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ, ವಿದ್ಯುತ್ ಮಿಡಿತ ಕೊಟ್ಟು ಕೋಶದ ಗೋಡೆ ಕ್ಷಣಕಾಲ ತೆರೆದಾಗ ಕ್ರಿಸ್ಪರ್ ಒಳಗೆ ಹೋಗುತ್ತದೆ. ಆಮೇಲೆ ಪರೀಕ್ಷೆಗಳ ಮೇಲೆ ಪರೀಕ್ಷೆ. ಕ್ಯಾಸ್ಗೆವಿಗೆ ಈ ಹಂತವೇ ಆರು ತಿಂಗಳವರೆಗೆ ಹಿಡಿಯಬಹುದು. ಪ್ರತಿ ರೋಗಿಗೂ ಬೇರೆ ಬ್ಯಾಚ್. ಸಾವಿರ ಮಾತ್ರೆ ಒಟ್ಟಿಗೆ ಮಾಡಿದ ಹಾಗೆ ಇಲ್ಲಿ ಆಗುವುದಿಲ್ಲ, ಒಬ್ಬರ ಕೋಶ ಇನ್ನೊಬ್ಬರಿಗೆ ಬರುವುದೂ ಇಲ್ಲ.

ತಿದ್ದಿದ ಕೋಶ ವಾಪಸ್ ಬರುವ ಮೊದಲು ಮಜ್ಜೆಯಲ್ಲಿ ಜಾಗ ಖಾಲಿ ಮಾಡಬೇಕು. ಅದಕ್ಕೆ ಬುಸಲ್ಫಾನ್ ಅನ್ನುವ ಕೀಮೋ ಔಷಧಿ ಕೊಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಕೆಲವು ವಾರ ದೇಹಕ್ಕೆ ಸೋಂಕಿನ ವಿರುದ್ಧ ರಕ್ಷಣೆಯೇ ಇರುವುದಿಲ್ಲ. ನಾಲ್ಕರಿಂದ ಆರು ವಾರ ಪ್ರತ್ಯೇಕ ಕೋಣೆಯಲ್ಲಿ ಆಸ್ಪತ್ರೆಯಲ್ಲೇ ಇರಬೇಕು. ಅದಕ್ಕಿಂತ ದೊಡ್ಡ ವಿಷಯ, ಈ ಔಷಧಿಯಿಂದ ಮಕ್ಕಳಾಗುವ ಶಕ್ತಿಯೇ ಹೋಗಬಹುದು. ಹಾಗಾಗಿ ಮೊದಲೇ ಅಂಡಾಣು ಅಥವಾ ವೀರ್ಯವನ್ನು ತೆಗೆದು ಶೈತ್ಯದಲ್ಲಿ ಇಡುವ ಸಲಹೆ ಕೊಡುತ್ತಾರೆ. ಎಚ್.ಡಿ. ಕೋಟೆಯ ಹಾಡಿಯ 16 ವರ್ಷದ ಹುಡುಗಿಗೆ ಈ ಮಾತನ್ನು ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಕೂತು ಹೇಳುತ್ತಾರೆ? ಅಂಡಾಣು ಇಡುವ ಖರ್ಚು ಯಾರದ್ದು? ಇದು ಕೊನೆಗೆ ಯೋಚಿಸಿದರಾಯಿತು ಅನ್ನುವಂಥ ಸಣ್ಣ ಸಂಗತಿ ಅಲ್ಲ.

ಕತ್ತರಿ ಬೇರೆ ಜಾಗದಲ್ಲಿ ಕತ್ತರಿಸಿಬಿಟ್ಟರೆ ಅನ್ನುವ ಅಪಾಯವೂ ಇದೆ. ಅದು ತಕ್ಷಣ ಗೊತ್ತಾಗುವುದಿಲ್ಲ, ವರ್ಷಗಳ ನಂತರ ಕ್ಯಾನ್ಸರ್ ಆಗಿ ಬರಬಹುದು ಅನ್ನುವ ಭಯ. ಅದಕ್ಕೇ ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸುವ ಏರ್ಪಾಡು ಅಮೆರಿಕದಲ್ಲಿದೆ.

ಹಾಗಾದರೆ ಬಿರ್ಸಾ 101ರಲ್ಲಿ ಹೊಸದೇನು?

ಐಜಿಐಬಿಯ ದೇಬಜ್ಯೋತಿ ಚಕ್ರವರ್ತಿ ಮತ್ತು ಅವರ ತಂಡ ಬಳಸಿದ ಕತ್ತರಿ ಬೇರೆ. ಕ್ಯಾಸ್ಗೆವಿಯದ್ದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಕ್ಯಾಸ್9. ಇವರದ್ದು ಫ್ರಾನ್ಸಿಸೆಲ್ಲಾ ನೋವಿಸಿಡಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ್ದು. ಈ ಕತ್ತರಿ ಸ್ವಭಾವತಃ ಬಹಳ ಕಟ್ಟುನಿಟ್ಟು. ಒಂದಕ್ಷರ ಹೊಂದದಿದ್ದರೂ ಕತ್ತರಿಸಲು ಹಿಂದೇಟು ಹಾಕುತ್ತದೆ. ಈ ಗುಣವನ್ನೇ ಬಳಸಿ ಅದೇ ತಂಡ 2020ರಲ್ಲಿ ‘ಫೆಲೂದಾ’ ಅನ್ನುವ ಕೊರೋನಾ ಪರೀಕ್ಷೆಯ ಕಾಗದದ ಪಟ್ಟಿ ಮಾಡಿತ್ತು, ನೆನಪಿರಬಹುದು. ತೊಂದರೆ ಅಂದರೆ, ಇಷ್ಟು ಶಿಸ್ತಿನ ಕತ್ತರಿ ಮನುಷ್ಯನ ಕೋಶದೊಳಗೆ ಕೆಲಸ ಮಾಡುವುದು ನಿಧಾನ. ಅದರ ರಚನೆಯನ್ನು ಅಲ್ಲಲ್ಲಿ ಬದಲಿಸಿ, ನಿಖರತೆ ಕೆಡದ ಹಾಗೆ ಚುರುಕು ಮಾಡಿದ್ದು ಇವರ ಸಾಧನೆ. 2024ರಲ್ಲಿ ಇದರ ಸಂಶೋಧನೆ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯೂ ಜೊತೆಗಿತ್ತು, ಒಂದು ಆನುವಂಶಿಕ ಕುರುಡಿನ ಮೇಲೂ ಈ ಕತ್ತರಿಯನ್ನು ಪರೀಕ್ಷಿಸಿದ್ದರು.

ಕತ್ತರಿ ನಮ್ಮದೇ ಆಗಿರುವುದಕ್ಕೆ ಇನ್ನೊಂದು ಲಾಭ ಇದೆ. ಕ್ಯಾಸ್9 ಪೇಟೆಂಟ್ ಬಗ್ಗೆ ಅಮೆರಿಕದ ಸಂಸ್ಥೆಗಳ ನಡುವೆ ವರ್ಷಗಟ್ಟಲೆ ಜಗಳ ನಡೆದಿದೆ. ಕ್ಯಾಸ್ಗೆವಿ ಮಾರುವ ವರ್ಟೆಕ್ಸ್ ಕಂಪನಿ ಬರೀ ಬಳಸುವ ಹಕ್ಕಿಗಾಗಿ ಎಡಿಟಾಸ್ ಅನ್ನುವ ಇನ್ನೊಂದು ಕಂಪನಿಗೆ 5 ಕೋಟಿ ಡಾಲರ್ ಮುಂಗಡ ಕೊಡಲು ಒಪ್ಪಿಕೊಂಡಿತು. ಬೇರೆ ಕತ್ತರಿ ಇದ್ದರೆ ಈ ಹೊರೆ ಕಡಿಮೆಯಾಗಬಹುದು ಅನ್ನುವುದು ಇಲ್ಲಿನ ಲೆಕ್ಕಾಚಾರ.

ಆದರೆ ತಂತ್ರಜ್ಞಾನ ಹಸ್ತಾಂತರ ಅಂದರೆ ಔಷಧಿಗೆ ಒಪ್ಪಿಗೆ ಸಿಕ್ಕಿತು ಅಂತಲ್ಲ. ತಯಾರಿಸುವ ವಿಧಾನವನ್ನು ಲ್ಯಾಬ್‌ನಿಂದ ಕಂಪನಿಗೆ ಕೊಟ್ಟರು ಅಂತ ಮಾತ್ರ. ರೋಗಿಗಳ ಮೇಲೆ ಪ್ರಯೋಗ ನಡೆಯಬೇಕು, ಮೊದಲು ಬೆರಳೆಣಿಕೆಯ ಜನರ ಮೇಲೆ, ಆಮೇಲೆ ಸ್ವಲ್ಪ ಜಾಸ್ತಿ ಜನರ ಮೇಲೆ. ಕೈತುಂಬ ದುಡ್ಡಿದ್ದ ಎರಡು ಕಂಪನಿಗಳು ಸೇರಿ ಮಾಡಿದ ಕ್ಯಾಸ್ಗೆವಿಗೇ ಗ್ರೇ ಅವರ ಚಿಕಿತ್ಸೆಯಿಂದ ಒಪ್ಪಿಗೆಯವರೆಗೆ ನಾಲ್ಕು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ನಮ್ಮಲ್ಲಿ ಇದು ಆಗುವ ಕೆಲಸವೇ ಅಂದರೆ, ಆಗುವ ಕೆಲಸವೇ. 2024ರ ಡಿಸೆಂಬರ್‌ನಲ್ಲಿ ವೆಲ್ಲೂರಿನ ಸಿಎಂಸಿ ವೈದ್ಯರು ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎ ಕಾಯಿಲೆ ಇರುವ ಐದು ಜನರ ಸ್ಟೆಮ್ ಸೆಲ್ ತೆಗೆದು, ಜೀನ್ ಸೇರಿಸಿ, ವಾಪಸ್ ಕೊಟ್ಟ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆ ಕೆಲಸ ನಡೆದ ಸ್ಟೆಮ್ ಸೆಲ್ ಕೇಂದ್ರ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕ. ಅಲ್ಲಿ ಬಳಸಿದ್ದು ಕ್ರಿಸ್ಪರ್ ಅಲ್ಲ, ಜೀನ್ ಹೊತ್ತೊಯ್ಯುವ ವೈರಸ್. ಆದರೆ ಕೋಶ ತೆಗೆಯುವುದು, ಕೀಮೋ ಕೊಡುವುದು, ವಾರಗಟ್ಟಲೆ ಕಾಯುವುದು ಎಲ್ಲ ಒಂದೇ ಥರ. ಆ ಕೈಚಳಕ ನಮ್ಮಲ್ಲಿದೆ. ಇಂಥ ಕೈಗಳು ಎಷ್ಟು ಊರುಗಳಲ್ಲಿವೆ ಅನ್ನುವುದೇ ಪ್ರಶ್ನೆ.

ದುಡ್ಡಿನ ಮಾತು

ಕ್ಯಾಸ್ಗೆವಿಯ ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 19 ಕೋಟಿ ರೂಪಾಯಿ. ಅಲ್ಲಿ ಕ್ಯಾಸ್ಗೆವಿಯ ಜೊತೆಗೆ ಅದೇ ದಿನ ಒಪ್ಪಿಗೆ ಪಡೆದ ಇನ್ನೊಂದು ಸಿಕಲ್ ಸೆಲ್ ಜೀನ್ ಚಿಕಿತ್ಸೆ ‘ಲಿಫ್ಜೀನಿಯಾ’ 31 ಲಕ್ಷ ಡಾಲರ್. ಇಷ್ಟು ಬೆಲೆ ಇದ್ದೂ ಲಿಫ್ಜೀನಿಯಾ ಮಾಡಿದ ಬ್ಲೂಬರ್ಡ್ ಕಂಪನಿ 2025ರಲ್ಲಿ ಮಾರಾಟವಾಯಿತು, ಕೊಂಡವರು ಮೊದಲಿಗೆ ಕೊಡಲು ಒಪ್ಪಿದ್ದು ಸುಮಾರು 3 ಕೋಟಿ ಡಾಲರ್ ಮಾತ್ರ. ಎಡಿಟಾಸ್ ಕೂಡ 2024ರ ಕೊನೆಯಲ್ಲಿ, ಪ್ರಯೋಗದಲ್ಲಿ ಒಳ್ಳೆಯ ಫಲಿತಾಂಶ ಕಂಡ ತನ್ನ ಸಿಕಲ್ ಸೆಲ್ ಚಿಕಿತ್ಸೆಯನ್ನು ಕೈಬಿಟ್ಟಿತು, ಪಾಲುದಾರರೇ ಸಿಗಲಿಲ್ಲ.

ಔಷಧಿ ಕೆಲಸ ಮಾಡುತ್ತಿದ್ದರೂ ಹೀಗೆ ಯಾಕಾಯಿತು? ಮೇಲೆ ಹೇಳಿದ ದಾರಿ ನೆನಪಿಸಿಕೊಳ್ಳಿ. ಒಬ್ಬ ರೋಗಿಗೆ ತಿಂಗಳುಗಟ್ಟಲೆ ಸಮಯ, ಕೆಲವೇ ಆಸ್ಪತ್ರೆಗಳಲ್ಲಿ ಸೌಲಭ್ಯ, ಕೀಮೋಗೆ ಹೆದರಿ ಹಿಂದೆ ಸರಿಯುವ ಕುಟುಂಬಗಳು. ಹಾಗಾಗಿ ವರ್ಷಕ್ಕೆ ಚಿಕಿತ್ಸೆ ಪಡೆಯುವವರ ಸಂಖ್ಯೆ ಕಡಿಮೆ. ಸಂಖ್ಯೆ ಕಡಿಮೆಯಾದರೆ ಕಾರ್ಖಾನೆಯ ಖರ್ಚು ಅಷ್ಟೇ ಜನರ ಮೇಲೆ ಬೀಳುತ್ತದೆ. ಆಗ ಬೆಲೆ ಇಳಿಯುವುದೇ ಇಲ್ಲ. ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ 2025ರ ಜನವರಿಯಲ್ಲಿ ಸಿಕಲ್ ಸೆಲ್‌ಗೆ ಕ್ಯಾಸ್ಗೆವಿ ಒಪ್ಪಿಕೊಂಡಾಗಲೂ ಹಾಕಿದ ಲೆಕ್ಕ ವರ್ಷಕ್ಕೆ ಸುಮಾರು 50 ಜನ ಮಾತ್ರ.

ಭಾರತದಲ್ಲೇ ತಯಾರಿಸಿದರೆ ಬೆಲೆ ಇಳಿಯುತ್ತದೆ ಅನ್ನುವ ವಾದಕ್ಕೆ ಗಟ್ಟಿ ಆಧಾರ ಇದೆ. ರೋಗಿಯದ್ದೇ ಕೋಶಗಳನ್ನು ಹೊರಗೆ ತೆಗೆದು ತಿದ್ದಿ ರಕ್ತದ ಕ್ಯಾನ್ಸರ್‌ಗೆ ಕೊಡುವ ಕಾರ್-ಟಿ ಚಿಕಿತ್ಸೆ ಅಮೆರಿಕದಲ್ಲಿ 2017ರಲ್ಲಿ ಬಂದಾಗ 4 ಲಕ್ಷ 75 ಸಾವಿರ ಡಾಲರ್ ಇತ್ತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 2023ರಲ್ಲಿ ಒಪ್ಪಿಗೆ ಪಡೆದು ಸುಮಾರು 40 ಲಕ್ಷ ರೂಪಾಯಿಗೆ ಬಂತು. ಹತ್ತರಲ್ಲಿ ಒಂದು ಭಾಗ ಅಂದುಕೊಳ್ಳಿ. ಬೆಂಗಳೂರಿನ ಇಮ್ಯುನೀಲ್ ಕೂಡ 2025ರಲ್ಲಿ ತನ್ನದೇ ಕಾರ್-ಟಿ ತಂದಿತು.

ಬಿರ್ಸಾ 101 ಕೂಡ ಹಾಗೇ ಇಳಿದು 40-50 ಲಕ್ಷಕ್ಕೆ ಬಂತು ಅಂದುಕೊಳ್ಳೋಣ, ಇದು ನನ್ನ ಊಹೆಯ ಲೆಕ್ಕ ಅಷ್ಟೇ. ಆಯುಷ್ಮಾನ್ ಭಾರತ್ ಕಾರ್ಡ್‌ನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಸಿಗುವುದು 5 ಲಕ್ಷ. 50 ಲಕ್ಷದಂತೆ 2 ಲಕ್ಷ ರೋಗಿಗಳಿಗೆ ಗುಣಿಸಿದರೆ 1 ಲಕ್ಷ ಕೋಟಿ ರೂಪಾಯಿ. ಎಲ್ಲರಿಗೂ ಈ ಚಿಕಿತ್ಸೆ ಬೇಕಾಗುವುದಿಲ್ಲ ನಿಜ. ಭಾರತದ ಸಿಕಲ್ ಸೆಲ್ ರೋಗಿಗಳಲ್ಲಿ ಎಷ್ಟೋ ಜನರಿಗೆ ಭ್ರೂಣದ ಹಿಮೋಗ್ಲೋಬಿನ್ ಮೊದಲೇ ಸ್ವಲ್ಪ ಜಾಸ್ತಿ ಇದ್ದು ಕಾಯಿಲೆ ಅಷ್ಟು ತೀವ್ರವಾಗಿರುವುದಿಲ್ಲ. ಆದರೂ ಈ ಮೊತ್ತ ನೋಡಿದರೆ ಸರ್ಕಾರ ಪೂರ್ತಿ ಭರಿಸದೆ ಇದು ಬುಡಕಟ್ಟಿನವರ ಹಾಡಿ, ಪೋಡುಗಳಿಗೆ ತಲುಪುವುದಿಲ್ಲ ಅನ್ನುವುದು ಸ್ಪಷ್ಟ ಅಲ್ವಾ?

ಎದುರು ವಾದ: ಇರುವುದನ್ನು ಮೊದಲು ಕೊಡಿ

ಈ ಹಣ, ಈ ಗಮನ ಬೇರೆ ಕಡೆ ಹೋಗಬೇಕು ಅನ್ನುವವರ ವಾದವನ್ನು ಗಂಭೀರವಾಗಿ ಕೇಳಬೇಕು.

ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆ ಇದೆ. ಅಮೆರಿಕದಲ್ಲಿ 1998ರಲ್ಲೇ ಇದಕ್ಕೆ ಸಿಕಲ್ ಸೆಲ್‌ಗಾಗಿ ಒಪ್ಪಿಗೆ ಸಿಕ್ಕಿದೆ. ವಿಶೇಷ ಏನೆಂದರೆ ಇದು ಮುಖ್ಯವಾಗಿ ಮಾಡುವುದೂ ಅದೇ ಕೆಲಸ, ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸುವುದು. 19 ಕೋಟಿಯ ಕ್ರಿಸ್ಪರ್ ಮತ್ತು ಈ ಅಗ್ಗದ ಮಾತ್ರೆ ಒಂದೇ ದಾರಿಯಲ್ಲಿ ನಡೆಯುತ್ತವೆ. ಮಾತ್ರೆ ಅಷ್ಟು ದೂರ ಹೋಗುವುದಿಲ್ಲ, ದಿನಾ ನುಂಗಬೇಕು, ಗುಣ ಮಾಡುವುದಿಲ್ಲ. ಆದರೆ ನೋವಿನ ದಾಳಿಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅಂಗೋಲಾ, ಕಾಂಗೋ, ಕೀನ್ಯಾ, ಉಗಾಂಡಾ ದೇಶಗಳ ಮಕ್ಕಳಿಗೆ ಇದನ್ನು ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಬಂತು. ನೋವು ಕಡಿಮೆಯಾಯಿತು, ಸೋಂಕು, ಮಲೇರಿಯಾ ಮತ್ತು ಸಾವು ಕೂಡ ಕಡಿಮೆಯಾದವು. ಅಲ್ಲಿನ ಆಸ್ಪತ್ರೆಗಳೇನೂ ಶ್ರೀಮಂತವಲ್ಲ.

ನಮ್ಮಲ್ಲಿ ಈ ಮಾತ್ರೆ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವುದು ಬೇರೆ, ಪ್ರತಿ ತಿಂಗಳೂ ತಪ್ಪದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿರುವುದು ಬೇರೆ. ಮಾತ್ರೆ ತೆಗೆದುಕೊಳ್ಳುವವರ ರಕ್ತವನ್ನು ಆಗಾಗ ಪರೀಕ್ಷಿಸಬೇಕು. ಒಂದು ತಿಂಗಳು ಸಿಗದಿದ್ದರೆ, ಇನ್ನೊಂದು ತಿಂಗಳು ದಿನದ ಕೂಲಿ ಬಿಟ್ಟು ಬರಲಾಗದಿದ್ದರೆ, ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಗಡಿಯಾಚೆ ಗೂಡಲೂರಿನ ಆದಿವಾಸಿ ಆಸ್ಪತ್ರೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಜಾಲ ಕಟ್ಟಿಕೊಂಡು ವರ್ಷಗಳಿಂದ ಸಿಕಲ್ ಸೆಲ್ ರೋಗಿಗಳನ್ನು ನೋಡಿಕೊಳ್ಳುತ್ತಿದೆ. ಇದು ಆಗದ ಕೆಲಸವಲ್ಲ ಅನ್ನುವುದಕ್ಕೆ ಅದು ಸಾಕ್ಷಿ.

ಎರಡನೆಯ ವಾದ ಮೂಳೆಮಜ್ಜೆ ಕಸಿಯದ್ದು. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದಿದರೆ ಕಸಿಯಿಂದ ಕಾಯಿಲೆ ವಾಸಿಯಾಗುತ್ತದೆ, ಇದು ಹಳೆಯ ವಿಷಯ. ಆದರೆ ಹಾಗೆ ಹೊಂದುವ ಸಾಧ್ಯತೆ ಪ್ರತಿ ಒಡಹುಟ್ಟಿಗೂ ನಾಲ್ಕರಲ್ಲಿ ಒಂದೇ. ಈಗ ಅರ್ಧ ಹೊಂದಿದರೂ ಸಾಕು, ಅಪ್ಪ ಅಮ್ಮನೇ ಕೊಡಬಹುದು ಅನ್ನುವ ವಿಧಾನ ಬೆಳೆದಿದೆ. ಅಮೆರಿಕದಲ್ಲಿ 42 ವಯಸ್ಕರಿಗೆ ಹೀಗೆ ಕಸಿ ಮಾಡಿದ ಅಧ್ಯಯನ 2025ರಲ್ಲಿ ಬಂತು. ಎರಡು ವರ್ಷದ ನಂತರ 95 ಶೇಕಡಾ ಜನ ಬದುಕಿದ್ದರು, 88 ಶೇಕಡಾ ಜನರಲ್ಲಿ ಕಸಿ ತೊಂದರೆಯಿಲ್ಲದೆ ನಿಂತಿತ್ತು. ಜೀನ್ ಚಿಕಿತ್ಸೆಗಿಂತ ಎಷ್ಟೋ ಅಗ್ಗ. ಇದಕ್ಕೆ ಕತ್ತರಿಯೂ ಬೇಡ, ಕಾರ್ಖಾನೆಯೂ ಬೇಡ. ಆದರೆ ಬೇರೆಯವರ ಮಜ್ಜೆ ಆದ್ದರಿಂದ ಅದು ರೋಗಿಯ ದೇಹದ ಮೇಲೇ ತಿರುಗಿ ಬೀಳುವ ಅಪಾಯ ಇರುತ್ತದೆ. ತನ್ನದೇ ಕೋಶ ಬಳಸುವ ಜೀನ್ ಎಡಿಟಿಂಗ್‌ನಲ್ಲಿ ಆ ಅಪಾಯ ಇಲ್ಲ.

ಈ ಎರಡು ಪಕ್ಷಗಳ ಜಗಳದಲ್ಲಿ ನನಗೆ ಕಾಣುವುದು ಹೀಗೆ. ಕಸಿಗೂ ಜೀನ್ ಎಡಿಟಿಂಗ್‌ಗೂ ಬೇಕಾದ ಆಸ್ಪತ್ರೆ ಒಂದೇ: ಸೋಂಕು ತಡೆಯುವ ಕೋಣೆ, ತರಬೇತಾದ ನರ್ಸ್‌ಗಳು, ರಕ್ತನಿಧಿ, ಜೊತೆಗೆ ಬಂದ ಮನೆಯವರಿಗೆ ತಿಂಗಳುಗಟ್ಟಲೆ ಇರಲು ಜಾಗ. ಮೈಸೂರಿನಂಥ ಊರಿನಲ್ಲಿ ಇಂಥ ಸರ್ಕಾರಿ ಘಟಕ ಇವತ್ತು ಕಸಿಗೆಂದು ಕಟ್ಟಿದರೆ, ಬಿರ್ಸಾ 101 ಬಂದ ದಿನ ಅದು ಅದಕ್ಕೂ ಸಿದ್ಧವಾಗಿರುತ್ತದೆ. ಕಟ್ಟದಿದ್ದರೆ ಔಷಧಿ ಬಂದರೂ ಅದು ಮಹಾನಗರಗಳ ನಾಲ್ಕೈದು ಆಸ್ಪತ್ರೆಗಳಲ್ಲಿ ಉಳಿಯುತ್ತದೆ. ಹಾಗಾಗಿ ಇದಾ ಅದಾ ಅನ್ನುವ ಆಯ್ಕೆಯೇ ಸರಿಯಿಲ್ಲ. ಮಾತ್ರೆ ಇವತ್ತು ತಲುಪಬೇಕು, ಘಟಕ ಇವತ್ತು ಕಟ್ಟಬೇಕು, ಪ್ರಯೋಗ ಅದರ ಪಾಡಿಗೆ ನಡೆಯಬೇಕು.

‘ನಿರ್ಮೂಲನೆ’ ಅನ್ನುವ ಪದದ ಬಗ್ಗೆ

ಇದರಲ್ಲಿ ಬಹಳ ಜನ ಎಡವುತ್ತಾರೆ. ಜೀನ್ ಎಡಿಟಿಂಗ್ ಮಾಡಿಸಿಕೊಂಡು ಪೂರ್ತಿ ಚೆನ್ನಾದ ವ್ಯಕ್ತಿಯ ಮಕ್ಕಳಿಗೆ ಈ ಜೀನ್ ಹೋಗುವುದಿಲ್ಲವೇ? ಹೋಗುತ್ತದೆ. ತಿದ್ದುವುದು ರಕ್ತದ ಸ್ಟೆಮ್ ಸೆಲ್‌ಗಳನ್ನು ಮಾತ್ರ. ಅಂಡಾಣು, ವೀರ್ಯಾಣುಗಳಲ್ಲಿ ಹಳೆಯ ಜೀನ್ ಹಾಗೇ ಇರುತ್ತದೆ. ಹಾಗಾಗಿ ಈ ಚಿಕಿತ್ಸೆ ಎಷ್ಟೇ ಅಗ್ಗವಾದರೂ ಅದರಿಂದ ಜೀನ್ ನಿರ್ಮೂಲನೆ ಆಗುವುದಿಲ್ಲ. ಅಭಿಯಾನದ ಗುರಿಯೂ ಅದಲ್ಲ. 2047ರೊಳಗೆ ಇದು ಸಾರ್ವಜನಿಕ ಆರೋಗ್ಯದ ದೊಡ್ಡ ಸಮಸ್ಯೆಯಾಗಿ ಉಳಿಯಬಾರದು ಅನ್ನುವುದು ಅದರ ಮಾತು.

ಅದಕ್ಕೆ ಅಭಿಯಾನ ಹಿಡಿದ ದಾರಿ ಪರೀಕ್ಷೆ ಮಾಡಿ ಕಾರ್ಡ್ ಕೊಡುವುದು, ಮದುವೆಗೆ ಮುಂಚೆ ಸಲಹೆ ಕೊಡುವುದು. ಈ ದಾರಿಯಲ್ಲಿ ಹುಷಾರಾಗಿ ನಡೆಯಬೇಕು. ಗ್ರೀಸ್‌ನ ಆರ್ಕೊಮೆನೋಸ್ ಅನ್ನುವ ಊರಿನಲ್ಲಿ ದಶಕಗಳ ಹಿಂದೆ ಹೀಗೆಯೇ ಎಲ್ಲರನ್ನೂ ಪರೀಕ್ಷಿಸಿದರು. ವಾಹಕರಿಗೆ ಕಳಂಕ ಅಂಟಿಕೊಂಡಿತು, ಜನ ವಿಷಯ ಮುಚ್ಚಿಟ್ಟರು, ಕಾಯಿಲೆ ಇರುವ ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ. 1970ರ ದಶಕದ ಅಮೆರಿಕದಲ್ಲಿ ಆರೋಗ್ಯವಾಗಿದ್ದ ವಾಹಕರಿಗೆ ಕೆಲಸಗಳಲ್ಲಿ ತೊಂದರೆಯಾಯಿತು. ಸುಮ್ನೆ ಕಾರ್ಡ್ ಕೈಗಿಟ್ಟು ಕಳಿಸಿದರೆ ನಮ್ಮಲ್ಲೂ ಹಾಗೇ ಆಗಬಹುದು, ಮತ್ತು ಅದರ ಹೊರೆ ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. ವಾಹಕ ಅಂದರೆ ರೋಗಿ ಅಲ್ಲ. ವಾಹಕರು ಮದುವೆಯಾಗಬಾರದು ಅಂತೇನೂ ಇಲ್ಲ. ಇಬ್ಬರೂ ವಾಹಕರಾದರೆ ಬಸಿರಿನ ಆರಂಭದಲ್ಲೇ ಪರೀಕ್ಷೆ ಮಾಡಿಸುವ ದಾರಿ ಇದೆ, ಆಮೇಲಿನ ತೀರ್ಮಾನ ಅವರದ್ದು. ಇಷ್ಟನ್ನು ಅವರ ಮಾತಿನಲ್ಲೇ, ಅವರ ಜನರಿಂದಲೇ ಹೇಳಿಸುವುದಕ್ಕೆ ಜೀನ್ ಎಡಿಟಿಂಗ್‌ನಷ್ಟು ದುಡ್ಡು ಬೇಕಾಗುವುದಿಲ್ಲ.

ಮುಂದಿನ ಸುದ್ದಿ ಬಂದಾಗ

ಇನ್ನು ಮುಂದೆ ‘ಯಶಸ್ವಿ’ ಅನ್ನುವ ಶೀರ್ಷಿಕೆ ಕಂಡರೆ ಒಳಗೆ ಈ ವಿವರಗಳನ್ನು ಹುಡುಕಿ. ಎಷ್ಟು ರೋಗಿಗಳಿಗೆ ಕೊಟ್ಟರು, ಎಷ್ಟು ತಿಂಗಳು ಗಮನಿಸಿದರು? ಅವರ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಭಾಗ ಒಳ್ಳೆಯದು, ನೋವಿನ ದಾಳಿ ನಿಂತಿತಾ? ವಯಸ್ಸೆಷ್ಟು? ಕ್ಯಾಸ್ಗೆವಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು 12 ವರ್ಷ ಮೇಲ್ಪಟ್ಟವರಿಗೆ, ಆ ವಯಸ್ಸಿಗೆ ಎಷ್ಟೋ ಮಕ್ಕಳ ಗುಲ್ಮ, ಮೂಳೆ ಆಗಲೇ ಹಾಳಾಗಿರುತ್ತದೆ. ಕೀಮೋ ಬದಲು ಮೆದುವಾದ ಬೇರೆ ದಾರಿ ಬಂತಾ ಅನ್ನುವುದನ್ನೂ ನೋಡಿ.

ಕೋಶವನ್ನು ಹೊರಗೆ ತೆಗೆಯದೆ ದೇಹದೊಳಗೇ ತಿದ್ದುವ ಪ್ರಯತ್ನಗಳೂ ನಡೆದಿವೆ. 2025ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಕೆ.ಜೆ. ಅನ್ನುವ ಹಸುಳೆಯ ಯಕೃತ್ತಿನ ಜೀನ್ ಅನ್ನು, ಅವನೊಬ್ಬನಿಗೆಂದೇ ಆರು ತಿಂಗಳಲ್ಲಿ ತಯಾರಿಸಿದ ಔಷಧಿಯಿಂದ ತಿದ್ದಿದರು. ರಕ್ತಕ್ಕೆ ಬಿಟ್ಟ ಔಷಧಿ ಯಕೃತ್ತಿಗೆ ತಾನಾಗೇ ಹೋಗಿ ಸೇರುತ್ತದೆ. ಮೂಳೆಮಜ್ಜೆಯ ಸ್ಟೆಮ್ ಸೆಲ್‌ವರೆಗೆ ತಲುಪಿಸುವುದು ಅದಕ್ಕಿಂತ ಬಹಳ ಕಷ್ಟ. ಅದು ಸಾಧ್ಯವಾದ ದಿನ ಬುಸಲ್ಫಾನ್ ಬೇಡ, ಆರು ವಾರದ ಕೋಣೆ ಬೇಡ, ಬೆಲೆಯ ಲೆಕ್ಕವೇ ಬದಲಾಗುತ್ತದೆ.

ಅಲ್ಲಿಯವರೆಗೆ, ಮನೆಯಲ್ಲಿ ಸಿಕಲ್ ಸೆಲ್ ಇರುವ ಮಗು ಇದ್ದರೆ ಬಿರ್ಸಾ 101ಗಾಗಿ ಕಾಯುತ್ತಾ ಈಗಿನ ಚಿಕಿತ್ಸೆ ಬಿಡಬಾರದು. ಹೈಡ್ರಾಕ್ಸಿಯೂರಿಯಾ ಬಗ್ಗೆ ವೈದ್ಯರನ್ನು ಕೇಳಿ. ಐದು ವರ್ಷದೊಳಗಿನ ಮಕ್ಕಳಿಗೆ ದಿನಾ ಕೊಡುವ ಪೆನಿಸಿಲಿನ್, ನ್ಯುಮೋಕಾಕಲ್ ಲಸಿಕೆ ಎರಡನ್ನೂ ಕೇಳಿ. ಮಗುವಿಗೆ ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಿಕಲ್ ಸೆಲ್ ಕಾರ್ಡ್ ಜೊತೆಗಿರಲಿ, ಒಳಗೆ ಹೋದ ತಕ್ಷಣ ಅದನ್ನು ತೋರಿಸಿ.